ಮೂಗರ ನಾಡಿನಲ್ಲಿರುವ ನಿಮಗೆ

ಓವರ್‌ಲೇಕ್, ರೆಡ್ಮಂಡ್
೧೨ ಮಾರ್ಚ್ ೨೦೦೬, ಭಾನುವಾರ

ರೀ,

ಹೇಗಿದ್ದೀರಿ? ಕೆಮ್ಮು ಹೋಯಿತೋ ಇಲ್ಲವೋ? ಮ್ಯೂನಿಕ್‌ನ ಚಳಿಯಲ್ಲಿ ಮಫ್ಲರ್ ಇಲ್ಲದೆ ಶೋಕಿ ಮಾಡಬೇಡಿ. ಕೊಟ್ಟು ಕಳಿಸಿದ ಚಟ್ನಿಪುಡಿ ಆಗಲೇ ಖಾಲಿಯಂತೆ, ಶಿವನೇ! ಫೋನ್ ಇರುವಾಗ ಕಾಗದ ಏಕೆ ಎಂದು ನಗುತ್ತೀರಿ. ಫೋನಿನಲ್ಲಿ ನನ್ನ ಮಾತು ಮುಗಿಯುವ ತನಕ ಎಂದಾದರೂ ಬಿಟ್ಟಿದ್ದೀರಾ? ಕಾಗದದ ಮಧ್ಯೆ ಬಾಯಿ ಹಾಕಲು ಆಗುವುದಿಲ್ಲ.

ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ನಮ್ಮ ಕವನಾ ಪ್ರೀಸ್ಕೂಲಿನಲ್ಲಿ ಒಂದು ಪದವನ್ನೂ ಆಡುವುದಿಲ್ಲ, ಮಾತು ಬಾರದ ಮಕ್ಕಳ ತರಗತಿಗೆ ಹಾಕೋಣ, ಮನೆಯಲ್ಲಿ ಕನ್ನಡ ನಿಲ್ಲಿಸಿ ಎಂದು ಟೀಚರ್ ಹೇಳಿದಾಗಿನಿಂದ ಹೀಗೆ. ನೀವೋ, ‘ಟೀಚರ್ ಹೇಳಿದ್ಮೇಲೆ ಮುಗೀತು, ಇಂಗ್ಲಿಷಲ್ಲೇ ಮಾತಾಡ್ಸು, ತರಗತಿಗೂ ಹೂಂ ಅಂದ್ಬಿಡು’ ಎಂದಿರಿ. ಮಾತಾಡಿಸಿದೆ. ನನ್ನ ಇಂಗ್ಲಿಷ್ ತರಕಾರಿ ಕೊಳ್ಳುವುದಕ್ಕೆ ಸಾಕು, ಮಗುವನ್ನು ಮುದ್ದು ಮಾಡುವುದಕ್ಕೆ ಸಾಲದು. ಮೊಸರನ್ನ ಕಲಸಿಕೊಂಡು ಕೂತರೆ ನಾನೇ ಕಟ್ಟಿದ ಇಲಿಮರಿ ಮದುವೆಯ ಕಥೆ ನಾಲಿಗೆ ತುದಿಗೆ ಬರುತ್ತದೆ, ನುಂಗಿಕೊಂಡು ‘ಈಟ್, ಈಟ್’ ಎನ್ನುತ್ತೇನೆ. ಅವಳು ನನ್ನ ಬಾಯನ್ನೇ ನೋಡುತ್ತಾಳೆ.

ಮೊನ್ನೆ ಪಾರ್ಕಿನಲ್ಲಿ ಕೆಳಗಿನ ಮನೆಯ ಹಲೀನಾ ಸಿಕ್ಕರು. ಉಕ್ರೇನಿನ ಅಜ್ಜಿ, ಅಲ್ಲಿ ಶಾಲೆಯಲ್ಲಿ ಭಾಷೆ ಕಲಿಸುತ್ತಿದ್ದವರು. ಗಂಡ ಎಲ್ಲಿ ಎಂದರು, ಜರ್ಮನಿಯಲ್ಲಿ ಎಂದೆ. ‘ಓಹೋ, ಮೂಗರ ಹತ್ತಿರ’ ಎಂದು ನಕ್ಕುಬಿಟ್ಟರು! ಅವರ ಭಾಷೆಯಲ್ಲಿ ಜರ್ಮನಿಯವನಿಗೆ ನಿಮೆಟ್ಸ್ ಎನ್ನುತ್ತಾರಂತೆ. ರಷ್ಯನ್ನರು, ಪೋಲೆಂಡಿನವರು, ಚೆಕ್ಕರು ಎಲ್ಲರಲ್ಲೂ ಉಚ್ಚಾರ ಚೂರುಪಾರು ಬದಲಾದ ಅದೇ ಪದ. ಬೇರು ಮಾತ್ರ ‘ಮೂಗ’ ಎಂಬುದು. ಯಾವ ಕಾಲದಲ್ಲೋ ಪಕ್ಕದ ನಾಡಿನವರ ಮಾತು ಇವರಿಗೆ ತಿಳಿಯಲಿಲ್ಲ, ಅವರಿಗೆ ಮಾತೇ ಬರುವುದಿಲ್ಲ ಎಂದುಕೊಂಡರು. ಮೊದಮೊದಲು ಪರಭಾಷೆಯವರಿಗೆಲ್ಲ ಇದ್ದ ಹೆಸರು ಕೊನೆಗೆ ಜರ್ಮನರಿಗೇ ಅಂಟಿತು. ತಮ್ಮನ್ನು ಮಾತ್ರ ಸ್ಲಾವರು, ಅಂದರೆ ಮಾತುಳ್ಳವರು, ಎಂದು ಕರೆದುಕೊಂಡರೆಂದು ಕೆಲವರ ವಾದವಂತೆ. ಎಂಥ ಧಿಮಾಕು ನೋಡಿ! ನಾನೂ ನಕ್ಕೆ. ಆದರೆ ಮನೆಗೆ ಬಂದರೂ ಆ ಪದ ನನ್ನನ್ನು ಬಿಡಲಿಲ್ಲ.

ಶುಕ್ರವಾರ ಬೇಗನೆ ಹೋಗಿ ತರಗತಿಯ ಬಾಗಿಲಲ್ಲಿ ನಿಂತೆ. ಕವನಾ ಮೂಲೆಯಲ್ಲಿ ಗೊಂಬೆಯನ್ನು ತೊಡೆಯ ಮೇಲೆ ಕೂರಿಸಿಕೊಂಡು, ಖಾಲಿ ಬಟ್ಟಲಿನಿಂದ ತುತ್ತಿಡುತ್ತ, ‘ಇಲಿಮರಿ ಮದ್ವೆಗೆ ಹೊರಡ್ತು, ಪಂಚೆ ಸಿಗ್ಲೇ ಇಲ್ಲ, ಆ ಮಾಡು ಚಿನ್ನ’ ಎಂದು ಇಡೀ ಕಥೆ ಹೇಳುತ್ತಿದ್ದಳು! ಟೀಚರ್ ನನ್ನ ಪಕ್ಕದಲ್ಲಿ ನಿಂತು ಮರುಗಿದರು. ನೋಡಿ, ದಿನವೂ ಹೀಗೇ, ಬರೀ ಶಬ್ದ, ಒಂದೂ ಪದವಿಲ್ಲ ಎಂದರು. ಒಳ್ಳೆಯ ಹೆಂಗಸೇ, ಪಾಪ. ನನಗೆ ಅಳು, ನಗು, ಸಿಟ್ಟು ಮೂರೂ ಒಟ್ಟಿಗೇ ಬಂದವು.

ಬ್ರೆಡ್ ತಿಂದೇ ದಿನ ದೂಡಬೇಡಿ, ಒಂದಿಷ್ಟು ಅನ್ನ ಮಾಡಿಕೊಳ್ಳಿ. ಮಗಳ ಮುತ್ತು ಇದರಲ್ಲೇ ಇದೆ, ಅಂಟಂಟಾಗಿದ್ದರೆ ಅದು ಜಾಮ್.

ನಿಮ್ಮ
ಶ್ರೀವಿದ್ಯಾ

ತಾ.ಕ.: ಆ ತರಗತಿ ಬೇಡ ಎಂದು ಅಲ್ಲೇ ಹೇಳಿ ಬಂದೆ, ನನ್ನ ಮುರುಕು ಇಂಗ್ಲಿಷಿನಲ್ಲೇ. ಬಯ್ಯುವುದಾದರೆ ಬಯ್ಯಿರಿ, ಆದರೆ ಕನ್ನಡದಲ್ಲಿ, ಅವಳಿಗೂ ಕೇಳುವ ಹಾಗೆ. ನಿನ್ನೆ ನೀವು ಅಷ್ಟು ಹೊತ್ತು ಅವಳ ಜೊತೆ ಇಂಗ್ಲಿಷಾಡಿ ಫೋನ್ ಇಟ್ಟ ಮೇಲೆ ನನ್ನ ದುಪಟ್ಟಾ ಎಳೆದು ಕೇಳಿದಳು: ‘ಅಮ್ಮಾ, ಅಪ್ಪಂಗೆ ಮಾತು ಯಾವಾಗ ಬರತ್ತೆ?’