ಮೂರನೇ ಬಾಗಿಲಿನ ಬ್ಯಾಡ್ಜ್

ತ್ರಿಶ್ಶೂರು, ಭಾನುವಾರ

ಪ್ರೀತಿಯ ಮುಕುಂದನ್ ಸರ್,

ನನ್ನ ಮದುವೆಯಾಗಿ ಇಂದಿಗೆ ಹನ್ನೆರಡು ದಿನ! ಟಿಬಿನ್ ನನಗೆ ಸಿಕ್ಕಿದ್ದೇ ನಿಮ್ಮ ನಾಟಕೋತ್ಸವದಲ್ಲಿ, ಇಬ್ಬರೂ ಸ್ವಯಂಸೇವಕರಾಗಿ ನೀರು ಹಂಚುವಾಗ. ಇದನ್ನು ಕೇಳಿ ಕೇಳಿ ನಮ್ಮ ಅತ್ತೆಗೆ ಸಾಕಾಗಿದೆ.

ನಮಗೆಲ್ಲ ಅಕ್ಕನಂತಿದ್ದ ಏಲಿಯಾಮ್ಮ ಚೇಚಿ ಹದಿನಾಲ್ಕು ವರ್ಷ ನಿಮ್ಮ ರಂಗಮಂದಿರದ ಮೂರನೇ ಬಾಗಿಲು ಕಾದವರು. ನಾಟಕ ಶುರುವಾದೊಡನೆ ಬಾಗಿಲೆಳೆದುಕೊಂಡು ಹೊರಗೇ ನಿಲ್ಲುತ್ತಿದ್ದರು. ಎಷ್ಟೋ ನಾಟಕಗಳ ಮಾತು ಅವರಿಗೆ ಬಾಯಿಪಾಠ, ಒಂದನ್ನೂ ಕಣ್ಣಾರೆ ಕಂಡಿರಲಿಲ್ಲ.

"ನಿನ್ನ ಮದುವೇನಾದ್ರೂ ಒಳಗೆ ಕೂತು ನೋಡ್ತೀನಿ ಕಣೇ ಹುಡುಗಿ," ಎಂದಿದ್ದರು. ತಾಳಿ ಕಟ್ಟಿಸಿಕೊಂಡು ತಿರುಗಿದರೆ, ಚರ್ಚಿನ ಬಾಗಿಲಲ್ಲೇ ನಿಂತು ತಡವಾಗಿ ಬಂದವರನ್ನು ಸದ್ದಿಲ್ಲದೆ ಒಳಗೆ ಬಿಡುತ್ತಿದ್ದರು. ನಾನು ನಕ್ಕುಬಿಟ್ಟೆ ಸರ್.

ಗುರುವಾರ ಎದೆನೋವು ಬಂದು ಅವರು ತೀರಿಕೊಂಡರು. ನಿನ್ನೆ ನಿಮ್ಮ ಕಚೇರಿಯಿಂದ ಅವರ ಮಗಳಿಗೆ ಫೋನ್ ಬಂದಿತ್ತು: "ಮೂರನೇ ಬಾಗಿಲಿನವರ ಮನೇನಾ? ಬ್ಯಾಡ್ಜ್ ಇನ್ನೂ ವಾಪಸ್ ಬಂದಿಲ್ವಲ್ಲ?"

ದಯವಿಟ್ಟು ಆ ಬ್ಯಾಡ್ಜನ್ನು ಇನ್ನೊಮ್ಮೆ ಕೇಳಬೇಡಿ. ಅದನ್ನು ಅವರ ಸೀರೆಗೆ ಚುಚ್ಚಿಯೇ ಮಣ್ಣು ಮಾಡಿದ್ದೇವೆ.

ಈ ವರ್ಷ ಆ ಬಾಗಿಲಿಗೆ ನಾನು ನಿಲ್ಲುತ್ತೇನೆ. ಕೂರಲು ಒಂದು ಸ್ಟೂಲ್ ಹಾಕಿಸಿ. ಹೊಸ ಬ್ಯಾಡ್ಜ್ ಮಾಡಿಸುವಾಗ ಬಾಗಿಲಿನ ಸಂಖ್ಯೆಯ ಕೆಳಗೆ ಹೆಸರಿಗೂ ಸ್ವಲ್ಪ ಜಾಗ ಬಿಡಿ.

ಇಂತಿ,
ಜಿನ್ಸಿ ಟಿಬಿನ್
(ನೀರಿನ ಮೇಜು, 2)