ಇರುವುದೇ ಗೊತ್ತಾಗದ ಹುಡುಗಿ

ಶಿರಾ
೯ ಡಿಸೆಂಬರ್ ೧೯೮೧

ಪ್ರೀತಿಯ ಅಪ್ಪಾ,

ಶಾಲೆಗೆ ಮರಳಿದ ಮೇಲೆ ಪಾವಗಡದ ಚಳಿಗೆ ನಿಮ್ಮ ಕೆಮ್ಮು ಹೇಗಿದೆ? ಮಫ್ಲರ್ ಪೆಟ್ಟಿಗೆಯಲ್ಲೇ ಮಡಚಿಟ್ಟಿದ್ದೀರಾ? ನಾನೂ ಅಜ್ಜಿಯೂ ಚೆನ್ನಾಗಿದ್ದೇವೆ. ಇವತ್ತು ಬೆಳಿಗ್ಗೆ ಹಾಲಿನ ಗೌರಕ್ಕ, ಬಾಗಿಲಲ್ಲೇ ನಿಂತಿದ್ದ ನನ್ನನ್ನು ದಾಟಿ ಒಳಗೆ ನೋಡುತ್ತಾ, "ಮನೇಲಿ ಯಾರೂ ಇಲ್ವೇನ್ರಮ್ಮೋ" ಎಂದು ಕೂಗಿದಳು. ಪಾತ್ರೆ ಮುಂದೆ ಹಿಡಿದಾಗ ಬೆಚ್ಚಿ, "ನೀನಾ ತಾಯಿ, ಗೋಡೆ ಅಂದ್ಕಂಡೆ" ಎಂದು ನಕ್ಕಳು.

ಹೋದ ಭಾನುವಾರ ಮಧುಗಿರಿಯಿಂದ ನನ್ನನ್ನು ನೋಡಲು ಬಂದ ಹುಡುಗನ ತಾಯಿ ಚನ್ನಮಲ್ಲಮ್ಮನವರೂ ನಿಮ್ಮೆದುರು ಹಾಗೇ ಹೊಗಳಿದರಲ್ಲ, "ಹುಡುಗಿ ಇರೋದೇ ಗೊತ್ತಾಗಲ್ಲ ಕಣ್ರೀ. ನಮಗೆ ಇಂಥಾ ಸೊಸೆನೇ ಬೇಕು" ಅಂತ. ನಿಮಗೂ ಸಂಬಂಧ ಹಿಡಿಸಿತು. ಅಡುಗೆಮನೆಯಲ್ಲಿ ನಿಂತು ಕೇಳಿಸಿಕೊಂಡ ನನಗೂ, ನಿಜ ಹೇಳಬೇಕೆಂದರೆ, ಸಂತೋಷವೇ ಆಯಿತು. ಕಡೆಯ ಬೆಂಚಿನಲ್ಲಿ ಯಾರ ಕಣ್ಣಿಗೂ ಬೀಳದೆ ಬಿ.ಎ. ಮುಗಿಸಿದವಳು ನಾನು.

ನಿನ್ನೆ ಮಧ್ಯಾಹ್ನ ಅವರೆಕಾಯಿ ಬಿಡಿಸುತ್ತಾ ಅಜ್ಜಿಗೆ ಕಾಲೇಜಿನಲ್ಲಿ ಓದಿದ್ದ ಹಳೆಯ ವಿಜ್ಞಾನ ಕಥೆ ಹೇಳಿದೆ, ಮದ್ದು ಕುಡಿದು ಯಾರಿಗೂ ಕಾಣದಂತಾದವನದು. ಅವನು ಕದ್ದದ್ದು, ಹೆದರಿಸಿದ್ದು ಅಜ್ಜಿಗೆ ಬೇಕಿರಲಿಲ್ಲ. "ಬಟ್ಟೆ ಹಾಕ್ಕಂಡ್ರೆ ಬಟ್ಟೆ ಕಾಣ್ತದೆ ಅಂತ ಬರಿಮೈಲಿ ತಿರುಗ್ತಿದ್ನಾ? ಇಂಥಾ ಚಳೀಲಿ? ಉಂಡ್ಯಾ ಅಂತ ಯಾರು ಕೇಳೋರು ಅವನ್ನ?" ಯಾರೂ ಇಲ್ಲ ಎಂದೆ. "ನಮ್ಮನೆಗೆ ಬಂದಿದ್ರೆ ಕಂಬಳಿ ಹೊದಿಸಿ ಕೂರಿಸ್ತಿದ್ದೆ. ಮುದ್ದೆ ಇಕ್ಕೋಕೆ ಮುಖ ಯಾಕೆ ಕಾಣ್ಬೇಕು" ಎಂದಳು. ನಗುತ್ತಿದ್ದ ನನಗೆ ಇದ್ದಕ್ಕಿದ್ದಂತೆ ಚನ್ನಮಲ್ಲಮ್ಮನವರ ಮನೆ ಕಣ್ಣಿಗೆ ಕಟ್ಟಿತು. ಎಲ್ಲರಿಗೂ ಬಡಿಸುತ್ತಿದ್ದೇನೆ. ನಾನು ಉಂಡೆನೋ ಇಲ್ಲವೋ ಅಲ್ಲಿ ಯಾರಿಗೂ ಗೊತ್ತಿಲ್ಲ.

ಅಪ್ಪಾ, ಚಿಕ್ಕಂದಿನಲ್ಲಿ ನಿಮ್ಮದೇ ತರಗತಿಯಲ್ಲಿ ಹಾಜರಿ ಕೂಗುವಾಗ ನನ್ನ ದನಿ ಹೊರಡುತ್ತಿರಲಿಲ್ಲ. ಎದುರಿಗೇ ಕೂತಿದ್ದರೂ ನೀವು ಮುಂದಿನ ಹೆಸರಿಗೆ ಹೋಗುತ್ತಿರಲಿಲ್ಲ, ಗದರುತ್ತಲೂ ಇರಲಿಲ್ಲ. ಪೆನ್ನು ಕೆಳಗಿಟ್ಟು ಕಾಯುತ್ತಿದ್ದಿರಿ. ಹುಡುಗರು ನಕ್ಕರೆ, "ಸುಮ್ಕಿರ್ರಲಾ, ಅವಳು ಹೇಳ್ತಾಳೆ" ಎನ್ನುತ್ತಿದ್ದಿರಿ. ನನಗಾಗಿ ಅಷ್ಟು ಹೊತ್ತು ಕಾದವರು ನೀವೊಬ್ಬರೇ. ಇದನ್ನು ಎದುರಿಗೆ ಹೇಳಲು ನಾಚಿಕೆ, ಅದಕ್ಕೇ ಬರೆಯುತ್ತಿದ್ದೇನೆ.

ಅಜ್ಜಿ ನಿಮಗೆ ಆಶೀರ್ವಾದ ತಿಳಿಸಲು ಹೇಳಿದ್ದಾಳೆ, ರಾತ್ರಿ ಮೊಸರು ಮುಟ್ಟಬಾರದಂತೆ.

ನಿಮ್ಮ ಮಗಳು,
ಸರ್ವಮಂಗಳ

ಮರೆತಿದ್ದೆ: ಈ ಭಾನುವಾರ ಮಧುಗಿರಿಯವರು ಮಾತು ಮುಗಿಸಲು ಬರುತ್ತಾರೆ. ನೀವು ಒಪ್ಪಿಗೆ ಕೊಡಬೇಡಿ, ಬೇಡವೆಂದೂ ಅನ್ನಬೇಡಿ. ಕಾಫಿ ಕೊಟ್ಟಮೇಲೆ ನಾನು ಒಳಗೆ ಹೋಗುವುದಿಲ್ಲ. ನೀವೆಲ್ಲ ಕೂರುವ ಚಾಪೆಯ ಮೇಲೆಯೇ ಅವರೆದುರು ಕೂತು, ಈ ಸಂಬಂಧ ನನಗೆ ಬೇಡ ಎಂದು ನಾನೇ ಹೇಳುತ್ತೇನೆ.