ಡಬ್ಬಿಯ ಕೆಳಗಿನ ನಾಲ್ಕನೆಯ ಬಣ್ಣ

ಫೆಬ್ರವರಿ 3, ಸೋಮವಾರ

ಬೆಳಿಗ್ಗೆ ಕಂಡದ್ದು. ಬಾಳಕೃಷ್ಣ ಸರ್ ಊಟದ ಡಬ್ಬಿಯನ್ನು ಲೇಸರ್ ಪೆಟ್ಟಿಗೆಯ ಮೇಲೆ ಇಡುವ ಮುಂಚೆ ಕರವಸ್ತ್ರ ಹಾಸುತ್ತಾರೆ. ದುಬಾರಿ ಯಂತ್ರ, ಗೀರು ಬೀಳಬಾರದು. ಲ್ಯಾಬಿನಲ್ಲಿ ಬೆಚ್ಚಗಿರುವ ಜಾಗ ಅದೊಂದೇ. ಪೆಟ್ಟಿಗೆ ಹೊಸ ಬೆಂಚಿಗೆ ಬಂದಾಗಿನಿಂದ ಎಲ್ಲರ ಡಬ್ಬಿಯೂ ಅದರ ಮೇಲೇ. ನನ್ನದು ಮೂಲೆಯಲ್ಲಿ.

ನನ್ನ ಕೆಲಸ ಲಾಗ್, ಅಂದರೆ ಯಂತ್ರದ ರೀಡಿಂಗುಗಳ ದಿನಚರಿ, ಬರೆಯುವುದು. ಸಾಹಿತ್ಯ ಓದಿದವಳಿಗೆ ಸಿಕ್ಕ ಕೆಲಸ... ಇರಲಿ, ಇಷ್ಟವಾಗಿದೆ. ಪೆಟ್ಟಿಗೆಯಲ್ಲಿ ಎಂಟು ಲೇಸರ್, ಕಣ್ಣಿಗೆ ಕಾಣದ ಎಂಟು ಬಣ್ಣ. ಉಗುರಿನಷ್ಟು ಚಿಪ್ ಅವನ್ನೆಲ್ಲ ಒಂದೇ ಗಾಜಿನ ಎಳೆಗೆ ಸೇರಿಸಬೇಕು. ಪ್ರತಿ ಬಣ್ಣವೂ ತನ್ನ ಸುದ್ದಿಯನ್ನು ಬೇರೆಯಾಗಿ ಹೊರಬೇಕು. ನಾಲ್ಕನೆಯದು ಜಾರಿ ಐದನೆಯದರ ಮೇಲೆ ಬೀಳುತ್ತದೆ. ಇವತ್ತೂ.

ಚಿಪ್ ಮಾಡಿದ್ದು ನೀಲಿಮಾ ಅಕ್ಕ. ಎರಡು ವರ್ಷದ ದುಡಿಮೆ. ಸರ್ ಅಕ್ಕನಿಗೆ ಹೇಳಿದರು — "ಶುಕ್ರವಾರದ ತನಕಾ ನೋಡೂಣು. ಆಗಲಿಲ್ಲಂದ್ರ ಈ ಡಿಸೈನ್ ಬಿಟ್ಟಬಿಡೂದು."

ಅಕ್ಕ ತಲೆಯಾಡಿಸಿದರು. ರೊಟ್ಟಿ ಮುಟ್ಟಲಿಲ್ಲ.

ಫೆಬ್ರವರಿ 4

ಪಕ್ಕದ ಟೇಬಲ್ಲಿನ ವಿನೀತ ಲಾಗ್ ಓದಿ ನಕ್ಕ. "ಏನ ಪೂರ್ವಾ, ರೀಡಿಂಗ್ ಬರಿ ಅಂದ್ರ ಕಾದಂಬರಿ ಬರದೀಯಲ್ಲ! 'ಹತ್ತೂಕಾಲು, ಸರ್ ಡಬ್ಬಿ ಇಟ್ಟರು.' ಇದನ್ನ ಗ್ರಾಫಿನ್ಯಾಗ ಎಲ್ಲಿ ಹಾಕ್ಲಿ?"

ಆ ಸಾಲನ್ನು ಅಳಿಸಬೇಕೆಂದುಕೊಂಡೆ. ಯಾಕೋ ಅಳಿಸಲಿಲ್ಲ.

ಫೆಬ್ರವರಿ 6, ಸಂಜೆ

ನಿನ್ನೆ ಈ ಡೈರಿ ಬರೆಯಲಿಲ್ಲ. ವಿನೀತನ ನಿಶ್ಚಿತಾರ್ಥದ ಪಾರ್ಟಿ, ಮಧ್ಯಾಹ್ನ ಎಲ್ಲರಿಗೂ ಮಿಸಳ್ ಊಟ. ಯಾರೂ ಡಬ್ಬಿ ತಂದಿರಲಿಲ್ಲ.

ಇವತ್ತು ಲಾಗ್ ತಿರುವಿದೆ. ನಿನ್ನೆ ನಾಲ್ಕನೆಯ ಬಣ್ಣ ಇಡೀ ದಿನ ಅಲುಗಿಲ್ಲ!

ಹಿಂದಿನ ಪುಟಗಳು. ಹೊಸ ಬೆಂಚಿನ ಹನ್ನೊಂದು ದಿನವೂ ಅದೇ — ಡಬ್ಬಿ ಇಟ್ಟ ಅರ್ಧ ಗಂಟೆಗೆ ಜಾರುತ್ತದೆ, ಊಟಕ್ಕೆ ಎತ್ತಿದ ಮೇಲೆ ಮೆಲ್ಲಗೆ ತನ್ನ ಜಾಗಕ್ಕೆ ಬರುತ್ತದೆ. ಹೋಗಿ ನೋಡಿದೆ. ಸರ್ ಕರವಸ್ತ್ರ ಹಾಸುವ ಜಾಗದಲ್ಲಿ ಗಾಳಿಯ ಕಿಂಡಿಗಳು. ಅವುಗಳ ಕೆಳಗೇ ನಾಲ್ಕನೆಯ ಲೇಸರ್; ಕಿಂಡಿ ಮುಚ್ಚಿದರೆ ಅದು ಕಾಯುತ್ತದೆ. ಲೇಸರ್ ಕಾದರೆ ಬಣ್ಣ ಜಾರುತ್ತದೆ... ಮೊದಲ ವಾರ ಅಕ್ಕನೇ ಹೇಳಿಕೊಟ್ಟ ಪಾಠ.

ತಪ್ಪು ಚಿಪ್ಪಿನದಲ್ಲ.

ಸರ್ ಕೋಣೆಯ ಬಾಗಿಲ ತನಕ ಹೋದೆ. "ಏನವಾ?" ಅಂದರು.

"ಚಹಾ ಬೇಕೇನ್ರಿ ಸರ್?" ಅಂದುಬಿಟ್ಟೆ.

ಥೂ.

ಆಚೆ ಅಕ್ಕ ಚಿಪ್ಪಿನ ಚಿತ್ರಗಳನ್ನು ಗೋಡೆಯಿಂದ ತೆಗೆಯುತ್ತಿದ್ದರು. ಒಂದೊಂದೇ ಪಿನ್ನು ಕಿತ್ತು ಡಬ್ಬದಲ್ಲಿ ಹಾಕುತ್ತ.

ಫೆಬ್ರವರಿ 7, ಬೆಳಿಗ್ಗೆ 7.40, ನಮ್ಮೂರು ನಿಗಡಿಯಿಂದ ಹೊರಟ ಬಸ್ಸಿನಲ್ಲಿ

ಅವ್ವನ ಹತ್ತಿರ ದಪ್ಪ ಟವೆಲ್ ಕೇಳಿದೆ.

"ಯಾತಕ್ಕ?"

"ನಮ್ಮ ಸರ್ ಡಬ್ಬಿ ಸುತ್ತಾಕ. ಬಿಸಿ ಇರಬೇಕಲ್ಲ."

"ಯಾಕ, ಅವರ ಮನ್ಯಾಗ ಟವೆಲ್ ಇಲ್ಲೇನ?" ನಗುತ್ತ ಹೊಸದನ್ನೇ ಕೊಟ್ಟಳು.

ಟವೆಲ್ ತೊಡೆಯ ಮೇಲಿದೆ. ಹನ್ನೊಂದು ದಿನದ ಪುಟಗಳೂ ಇವೆ, ಜೊತೆಗೆ ಮಿಸಳಿನ ದಿನದ್ದು. ವಿನೀತ ನಕ್ಕ ಸಾಲುಗಳಿಗೆಲ್ಲ ಅಡಿಗೆರೆ ಎಳೆದಿದ್ದೇನೆ.

ಸರ್ ಕರವಸ್ತ್ರ ಬಿಡಿಸುವ ಮುಂಚೆಯೇ ಪೆಟ್ಟಿಗೆಯ ಮುಂದೆ ನಿಲ್ಲುತ್ತೇನೆ. ಡಬ್ಬಿ ಇಲ್ಲಿ ಕೊಡ್ರಿ ಸರ್, ಅನ್ನುತ್ತೇನೆ. ಯಾಕೆಂದು ಕೇಳುತ್ತಾರೆ. ಕಾಗದ ಕೈಗಿತ್ತು ಓಡಿಹೋಗುವುದಿಲ್ಲ. ನೀಲಿಮಾ ಅಕ್ಕನನ್ನೂ ಕರೆದು, ಎಲ್ಲರೆದುರು, ನಾನೇ ಗಟ್ಟಿಯಾಗಿ ಓದಿ — ಸ್ಟಾಪು ಬಂತು, ಇಳಿಯಬೇಕು.